ತಿಳಿಯದೆಂದು ಹೇಳುವ ಧೈರ್ಯ

ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಓದತಕ್ಕ ಈ ಸಂಚಿಕೆಯಲ್ಲಿ ನಮ್ಮ ಸೋಲಿನ ಸಂಗತಿಯೊಂದನ್ನು ಅರಿಕೆಮಾಡಬೇಕೆಂದು ಮನಸ್ಸಾಗಿದೆ.

ಔರಾದ್ ತಾಲೂಕಿನ ಹಳ್ಳಿಯವರಾದ ನಾವು ಬಿದ್ರಿ ಕಲೆಯ ಇತಿಹಾಸವನ್ನು ಕುರಿತು ಪಿಎಚ್.ಡಿ. ಸಂಶೋಧನೆ ಮಾಡಲಪೇಕ್ಷಿಸಿ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿಕೊಂಡೆವು. ಯುಜಿಸಿಯ 2022ರ ನಿಯಮದಂತೆ, ವಿಶ್ವವಿದ್ಯಾಲಯವು ತಾನೇ ನಡೆಸುವ ಪ್ರವೇಶ ಪರೀಕ್ಷೆಗೆ ನೂರಕ್ಕೆ 70ರಷ್ಟೂ ಸಂದರ್ಶನಕ್ಕೆ 30ರಷ್ಟೂ ತೂಕವುಂಟು. ಬರೆಹದ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದ ನಾವು ಸಂದರ್ಶನವನ್ನು ಹಗುರವಾಗಿ ಎಣಿಸಿದೆವು.

ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಎರಕಹೊಯ್ದು, ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕದಡಿದ ಬಿಸಿನೀರಲ್ಲಿ ಅದ್ದಿದರೆ, ಲೋಹವು ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವುದು. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಇಷ್ಟನ್ನು ನಾವು ಒಪ್ಪಿಸಲು, ಹಿರಿಯ ಪ್ರಾಧ್ಯಾಪಕರು, “ಕೋಟೆಯ ಮಣ್ಣೇ ಏಕೆ? ಬೇರೆ ಮಣ್ಣು ಏಕಾಗದು?” ಎಂದು ಕೇಳಿದರು. ತಿಳಿಯದೆಂದು ಹೇಳಲು ನಾಚಿ, ಬಾಯಿಗೆ ಬಂದ ಕಾರಣವೊಂದನ್ನು ಹೇಳಿದೆವು. “ಇದನ್ನು ಎಲ್ಲಿ ಓದಿದಿರಿ?” ಎಂದು ಅವರು ಕೇಳಿದಾಗ ನಮ್ಮ ಬಾಯಿ ಕಟ್ಟಿತು. ಆ ವರುಷ ನಮಗೆ ಸ್ಥಾನ ದೊರೆಯಲಿಲ್ಲ.

ಭಾಲ್ಕಿಯ ತವರಿನಲ್ಲಿದ್ದ ನಮ್ಮ ತಾಯಿಯವರು ಎಲ್ಲವನ್ನೂ ಕೇಳಿ, “ಗೊತ್ತಿಲ್ದಿದ್ರ ಗೊತ್ತಿಲ್ಲ ಅನ್ನಬೇಕವ್ವಾ, ತಿಳಕೊಂಡು ಬರ್ತೀನಿ ಅನ್ನಬೇಕು” ಎಂದರು. ಎಷ್ಟು ಪುಸ್ತಕ ಓದಿಯೂ ನಮಗೆ ಹೊಳೆಯದ ಮಾತು ಅದು.

ಬಳಿಕ ನಾವು ಬೀದರಿನ ಕುಶಲಕರ್ಮಿಗಳ ಬಳಿ ತಿಂಗಳುಗಟ್ಟಲೆ ಕುಳಿತೆವು. ಅವರು ಮಣ್ಣನ್ನು ನಾಲಿಗೆಗೆ ಮುಟ್ಟಿಸಿ, ರುಚಿಯಿಂದ ಆರಿಸುವುದನ್ನು ಕಂಡೆವು. ಮರುವರುಷದ ಸಂದರ್ಶನದಲ್ಲಿ ಅದೇ ಪ್ರಶ್ನೆ ಬರಲು, ಒಂದು ಗಳಿಗೆ ಸುಮ್ಮನಿದ್ದು ಹೀಗೆಂದೆವು: “ಪೂರ್ಣ ಕಾರಣ ನಮಗೆ ತಿಳಿಯದು. ಕಂಡದ್ದು ಇಷ್ಟು. ಒಂದೇ ಎರಕದ ತುಂಡುಗಳನ್ನು ಕೋಟೆಯ ಮಣ್ಣಿನಲ್ಲಿಯೂ ಭಾಲ್ಕಿ, ಔರಾದಿನ ಮಣ್ಣುಗಳಲ್ಲಿಯೂ ಅದ್ದಿಸಿ, ಬಣ್ಣವನ್ನು ಹೋಲಿಸಿ ನೋಡುವೆವು.” “ಅದು ರಸಾಯನಶಾಸ್ತ್ರದ ಕೆಲಸವಲ್ಲವೇ?” ಎಂಬ ಮರುಪ್ರಶ್ನೆಗೆ, “ಹೌದು, ಅದಕ್ಕೆ ಆ ವಿಭಾಗದವರ ನೆರವನ್ನು ಬೇಡುವೆವು, ಕುಶಲಕರ್ಮಿಗಳ ಅರಿವನ್ನು ಬರೆದಿಡುವುದು ನಮ್ಮ ಪಾಲಿನ ಕೆಲಸ” ಎಂದೆವು. ಈ ಸಾರಿ ಸ್ಥಾನ ದೊರೆಯಿತು.

ಪ್ರಿಯ ತಂಗಿಯರೇ, ಕಠಿಣವಾದ ಪ್ರಶ್ನೆ ಬಂದರೆ ಅಂಜಬೇಡಿರಿ. ಬಲ್ಲುದನ್ನು ಹೇಳಿರಿ, ಅರಿಯದುದನ್ನು ಒಪ್ಪಿಕೊಳ್ಳಿರಿ, ಅರಿಯುವ ಬಗೆಯನ್ನು ತೋರಿಸಿರಿ. ತಾಯಿತಂದೆಗಳೇ, ಮಗಳು ಮನೆಯಲ್ಲಿ “ಗೊತ್ತಿಲ್ಲ” ಎಂದಾಗ ಗದರಿಸದಿರಿ. ಅವಳು ಸತ್ಯವನ್ನು ಹೇಳಲು ಅಲ್ಲಿಯೇ ಕಲಿಯುತ್ತಾಳೆ.