ಬರೆದಿಡದ ಮೂರನೆಯ ಸಾಲು

ಕುಪ್ಪೇಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವಾಗ ಅಜ್ಜಿಯ ಬಾಯಿಗೆ ಸರ್ವಜ್ಞ ಬರುತ್ತಿದ್ದ. ಸೊಸೆ ಎದುರು ಮಾತಾಡಿದರೆ ಒಂದು, ಕೊಟ್ಟ ಸಾಲ ತಿರುಗಿ ಬರದಿದ್ದರೆ ಒಂದು, ಮಳೆ ಕೈಕೊಟ್ಟರೆ ಮತ್ತೊಂದು. ಎಲ್ಲ ಮೂರೇ ಸಾಲಿನವು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಸರ್ವಜ್ಞ ಮಾಸೂರು, ಅಬಲೂರು ಕಡೆಯವನು, ಅಂದರೆ ನಮ್ಮ ಸೀಮೆಯವನೇ ಎಂಬ ಹೆಮ್ಮೆ ಮಾತ್ರ ಬಹಳ ಇತ್ತು.

"ಬರಕೋಲೇನಬೇ?" ಎಂದು ಒಮ್ಮೆ ಕೇಳಿದ್ದೆ.

"ನಾ ಎಲ್ಲಿ ಹೊಕ್ಕೇನೋ ತಮ್ಮಾ, ನಾಳೆ ಬರಕೋಳಾಕ ಬರ್ತೈತಿ ತಗೊ" ಎಂದಿದ್ದಳು. ನಾನೂ ಹಾಗೇ ಅಂದುಕೊಂಡೆ.

ಕಾಲೇಜಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ 'ಸರ್ವಜ್ಞನ ವಚನಗಳು' ಕೈಗೆ ಸಿಕ್ಕಿತು. ಸಂಪಾದಕರು ರೆವರೆಂಡ್ ಉತ್ತಂಗಿ ಚನ್ನಪ್ಪ. ರೆವರೆಂಡ್ ಮತ್ತು ಚನ್ನಪ್ಪ ಎಂಬ ಎರಡು ಮಾತು ಒಟ್ಟಿಗೆ ಕೂರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಉತ್ತಂಗಿ ಅವರ ಮನೆತನದ ಊರು, ತುಂಗಭದ್ರೆಯ ಆಚೆ ಹಡಗಲಿ ತಾಲ್ಲೂಕಿನದು. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದೇ ಮಿಷನ್ನಿನ ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದಾಗ ಚನ್ನಪ್ಪ ಇನ್ನೂ ಹುಡುಗ. ಮುಂದೆ ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಪಾದ್ರಿಯಾದರು.

ಪಾದ್ರಿಯ ಕೆಲಸ ಹೇಳುವುದು. ಜನರೆದುರು ನಿಂತು ತನ್ನ ದೇವರ ಮಾತನ್ನು ತಿಳಿಸುವುದು. ಚನ್ನಪ್ಪನವರು ಅದನ್ನು ಬಿಡಲಿಲ್ಲ, ಜೊತೆಗೆ ಕೇಳುವ ಕೆಲಸವನ್ನೂ ಹಚ್ಚಿಕೊಂಡರು. ತಾಳೆಗರಿಗಳಲ್ಲಿ, ಹಸ್ತಪ್ರತಿಗಳಲ್ಲಿ, ಜನರ ಬಾಯಲ್ಲಿ ಚದುರಿದ್ದ ತ್ರಿಪದಿಗಳನ್ನು ವರ್ಷಗಟ್ಟಲೆ ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷವಷ್ಟೇ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದಿತ್ತು. ಮುಂದೆ ಚನ್ನಪ್ಪನವರು ಶರಣರ ವಚನಗಳನ್ನೂ ಸಂಪಾದಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. 1962ರಲ್ಲಿ ತೀರಿಕೊಂಡರು.

ಅವರ ಶಿಷ್ಯರು ಯಾರೆಂದು ಕೇಳಿದರೆ ನಾನು ನಮ್ಮ ಶಾಲೆಗಳನ್ನೇ ತೋರಿಸುತ್ತೇನೆ. ಸರ್ವಜ್ಞನನ್ನು ಪಠ್ಯದಲ್ಲಿ ಓದಿದ ನಾವೆಲ್ಲ, ಹೆಸರು ಗೊತ್ತಿಲ್ಲದಿದ್ದರೂ, ಆ ಪಾದ್ರಿ ಮೇಷ್ಟ್ರ ಋಣದಲ್ಲಿದ್ದೇವೆ.

ಆ ಪುಸ್ತಕದಲ್ಲಿ ಅಜ್ಜಿಯ ತ್ರಿಪದಿಗಳನ್ನು ಒಂದೊಂದಾಗಿ ಹುಡುಕಿದೆ. ಬಹಳಷ್ಟು ಸಿಕ್ಕವು. ಒಂದು ಸಿಗಲಿಲ್ಲ. ಅಜ್ಜ ಹೊಲ ಮಾರಿ ಬಂದ ದಿನ ಆಕೆ ಹೇಳಿದ್ದು ಅದು. ಸರ್ವಜ್ಞನದೋ, ಅವನ ಹೆಸರಿನಲ್ಲಿ ಆಕೆಯೇ ಕಟ್ಟಿದ್ದೋ ತಿಳಿಯದು. ಎರಡು ಸಾಲು ನೆನಪಿದ್ದವು, ಮೂರನೆಯದು ನೆನಪಾಗಲಿಲ್ಲ. ಅಷ್ಟೊತ್ತಿಗೆ ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು.

ಅವ್ವನನ್ನು ಕೇಳಿದೆ. "ಅಕಿ ದಿನಾ ಅಂತಿದ್ದಳಪಾ, ನಾ ಎಲ್ಲಿ ಲಕ್ಷ್ಯ ಕೊಟ್ಟೆ?" ಎಂದಳು.

ಲಕ್ಷ್ಯ ಕೊಡದವನು ನಾನೂ. ಬೇರೆ ಧರ್ಮದ ಒಬ್ಬ ಪಾದ್ರಿ ಊರೂರಿನ ಮಾತಿಗೆ ಕಿವಿಗೊಟ್ಟು ಬರೆದುಕೊಂಡರು. ಆಕೆಯ ಮೊಮ್ಮಗನಾದ ನಾನು, ಕೈಯಲ್ಲಿ ಪೆನ್ನಿದ್ದೂ, ನಾಳೆ ಎಂದೆ.

ಈಗ ಊರಿಗೆ ಹೋದಾಗ ನೋಟಬುಕ್ಕು ಒಯ್ಯುತ್ತೇನೆ. ಓಣಿಯ ಮುದುಕಿಯರು ನಗುತ್ತಾರೆ. ನಕ್ಕ ಮೇಲೆ ಹೇಳುತ್ತಾರೆ. ಮೊದಲ ಪುಟದಲ್ಲಿ ಅಜ್ಜಿಯ ಎರಡು ಸಾಲು ಬರೆದು, ಮೂರನೆಯದಕ್ಕೆ ಜಾಗ ಬಿಟ್ಟಿದ್ದೇನೆ.