ಗೇಣುದ್ದದ ದಾರ

ನಮ್ಮ ಮಲೆನಾಡಿನಲ್ಲಿ ಎಲ್ಲವೂ ಧಾರಾಳ. ಮಳೆ ಧಾರಾಳ, ಮರ ಧಾರಾಳ, ಮಳೆಗಾಲದಲ್ಲಿ ಜಿಗಣೆಯೂ ಧಾರಾಳ. ಇಲ್ಲದಿರುವುದು ಒಂದೇ, ಸಮತಟ್ಟಾದ ನೆಲ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸದ ದಾರಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬದಿ ಧರೆ, ಇನ್ನೊಂದು ಬದಿ ಕಂದರ. ನಡುವೆ ಎಲ್ಲಾದರೂ ಅಂಗೈಯಗಲ ಮಟ್ಟಸವಾದ ಜಾಗ ಸಿಕ್ಕಿತೋ, ಅದು ಗದ್ದೆಯಾಗುತ್ತದೆ. ಇಲ್ಲವೇ ಕಾಫಿ ಒಣಗಿಸುವ ಕಣವಾಗುತ್ತದೆ. ಮಕ್ಕಳ ಆಟಕ್ಕೆ ಉಳಿಯುವುದು ಅದರ ನಂತರದ್ದು.

ನಾನು ಓದಿದ ಶಾಲೆಯ ಮೈದಾನವೂ ಇಳಿಜಾರಿನದೇ. ಚೆಂಡು ಒಮ್ಮೆ ಉರುಳಿದರೆ ಕೆಳಗಿನ ತೋಟದಲ್ಲಿ, ಕಾಫಿ ಗಿಡಗಳ ಬುಡದಲ್ಲಿ ತಡಕಬೇಕು. ಆ ಮೈದಾನದಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಭರ್ಜಿ ಎಸೆಯುತ್ತಿದ್ದಳು. ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಬಿದಿರಿನ ಭರ್ಜಿ. ತಾಲ್ಲೂಕು ಮಟ್ಟದಲ್ಲಿ ಅವಳಿಗೆ ಮೊದಲ ಸ್ಥಾನ ಬಂತು. ಜಿಲ್ಲಾ ಮಟ್ಟದ ಸ್ಪರ್ಧೆಗೆ ಚಿಕ್ಕಮಗಳೂರಿಗೆ ಹೋಗಬೇಕೆಂದಾಗ ಮನೆಯವರು ಬೈಯಲಿಲ್ಲ, ಹೊಡೆಯಲಿಲ್ಲ. ‘ಅವಳ ಜೊತೆ ಹೋಗುವವರು ಯಾರು?’ ಎಂದು ಕೇಳಿದರು, ಅಷ್ಟೇ. ಉತ್ತರ ಕೊಡುವವರು ಯಾರೂ ಇರಲಿಲ್ಲ. ಭರ್ಜಿ ಎಸೆತ ಅಲ್ಲಿಗೆ ಮುಗಿಯಿತು.

ಈ ಪ್ರಶ್ನೆ ನಮ್ಮ ಊರಿನದು ಮಾತ್ರವಲ್ಲ. ಉತ್ತರಪ್ರದೇಶದ ಮೇರಠ್ ಬಳಿಯ ಬಹಾದುರ್‌ಪುರ ಎಂಬ ಹಳ್ಳಿಯಲ್ಲಿ ಅನ್ನು ರಾಣಿ ಎಂಬ ರೈತರ ಮಗಳು ಕಬ್ಬಿನ ಜಲ್ಲೆಯನ್ನೇ ಭರ್ಜಿ ಮಾಡಿಕೊಂಡು ಎಸೆಯುತ್ತಿದ್ದರು. ಅಪ್ಪನಿಗೆ ಮೊದಮೊದಲು ಇದು ಒಪ್ಪಿಗೆಯಾಗಿರಲಿಲ್ಲ. ತಂಗಿಯ ತೋಳಿನ ಬಲ ಗುರುತಿಸಿ ಜೊತೆಗೆ ನಿಂತವರು ಅಣ್ಣ ಉಪೇಂದ್ರ. ಅದೇ ಅನ್ನು ರಾಣಿ 2023ರ ಅಕ್ಟೋಬರ್‌ನಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 62.92 ಮೀಟರ್ ದೂರ ಎಸೆದರು. ಏಷ್ಯನ್ ಕ್ರೀಡಾಕೂಟದ ಜಾವೆಲಿನ್‌ನಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆ ಎನಿಸಿಕೊಂಡರು.

ಅದೇ ತಿಂಗಳು, ಅದೇ ನಗರದಲ್ಲಿ ಅಂಗವಿಕಲರ ಏಷ್ಯನ್ ಕ್ರೀಡಾಕೂಟವೂ ನಡೆಯಿತು. ಅಲ್ಲಿ 1500 ಮೀಟರ್ ಓಟದ ಚಿನ್ನ ನಮ್ಮ ಮೂಡಿಗೆರೆ ಸೀಮೆಯ ಬಾಳೂರು ಹೋಬಳಿಯ ಗುಡ್ಡನಹಳ್ಳಿಗೆ ಬಂತು. ತಂದವರು ರಕ್ಷಿತಾ ರಾಜು. ಅವರಿಗೆ ಕಣ್ಣು ಕಾಣುವುದಿಲ್ಲ.

2001ರಲ್ಲಿ ಹುಟ್ಟಿದ ರಕ್ಷಿತಾ ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರು. ಸಾಕಿದ್ದು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳಿಸದು, ಮಾತೂ ಬಾರದು. ಒಂದು ಕ್ಷಣ ಯೋಚಿಸಿ ನೋಡಿ: ಮೊಮ್ಮಗಳು ಕರೆದರೆ ಅಜ್ಜಿಗೆ ಕೇಳಿಸುವುದಿಲ್ಲ, ಅಜ್ಜಿ ಕೈಸನ್ನೆ ಮಾಡಿದರೆ ಮೊಮ್ಮಗಳಿಗೆ ಕಾಣಿಸುವುದಿಲ್ಲ. ಇಬ್ಬರ ನಡುವೆ ಉಳಿಯುವುದು ಕೈಯ ಸ್ಪರ್ಶ ಒಂದೇ. ಅಲ್ಲಿಂದ ಹುಡುಗಿ ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಗೆ ಬಂದಳು. ಇವಳು ಓಡಬಲ್ಲಳು ಎಂದು ಅಲ್ಲಿನ ದೈಹಿಕ ಶಿಕ್ಷಕರ ಕಣ್ಣಿಗೆ ಬಿತ್ತು. ಕಾಣುವ ಕಣ್ಣು ಇದ್ದರೆ ಸಾಲದು, ನೋಡುವ ಕಣ್ಣು ಬೇಕು ಎನ್ನುವುದು ಇಂಥದ್ದಕ್ಕೇ.

ಕಣ್ಣಿಲ್ಲದವರು ಟ್ರ್ಯಾಕ್ ಮೇಲೆ ಓಡುವುದಾದರೂ ಹೇಗೆ? ಟಿ-11 ಎಂಬುದು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ದೃಷ್ಟಿ ಇಲ್ಲದವರ ವರ್ಗ. ಕೆಲವರಿಗೆ ಬೆಳಕಿನ ಸುಳಿವಾದರೂ ಸಿಗಬಹುದು, ಕೆಲವರಿಗೆ ಅದೂ ಇಲ್ಲ. ಆ ಭೇದ ಇರಬಾರದೆಂದು ಎಲ್ಲರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಪಕ್ಕದಲ್ಲಿ ಕಣ್ಣು ಕಾಣುವ ಮಾರ್ಗದರ್ಶಿ ಓಟಗಾರ ಇರುತ್ತಾನೆ. ಇಬ್ಬರ ಕೈಗಳ ನಡುವೆ ಗೇಣಿಗಿಂತ ತುಸು ಉದ್ದದ, ಹಿಗ್ಗದ ಒಂದು ದಾರ. ಅವಳ ಎಡಗೈ ಮುಂದೆ ಹೋದಾಗ ಅವನ ಬಲಗೈ ಮುಂದೆ ಹೋಗಬೇಕು. ಹೆಜ್ಜೆಯೂ ಹಾಗೆಯೇ, ಕನ್ನಡಿಯೊಳಗಿನ ಪ್ರತಿಬಿಂಬದಂತೆ. ತಿರುವು ಬಂತು, ಮುಂದೆ ಇಬ್ಬರಿದ್ದಾರೆ, ಇನ್ನೊಂದೇ ಸುತ್ತು ಎಂದು ಅವನು ಓಡುತ್ತಲೇ ಹೇಳುತ್ತಿರಬೇಕು. 1500 ಮೀಟರ್ ಎಂದರೆ ಮೂರೂ ಮುಕ್ಕಾಲು ಸುತ್ತು. ಅಷ್ಟು ದೂರ ಮಾತಾಡುತ್ತ ಓಡಬೇಕಾದರೆ ಅವನಿಗೆ ಅವಳಿಗಿಂತ ಹೆಚ್ಚು ದಮ್ಮು ಬೇಕು.

ನಿಯಮಗಳು ಬಹಳ ಕಟ್ಟುನಿಟ್ಟು. ಮಾರ್ಗದರ್ಶಿ ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಅವಳೇ ಮೊದಲು ದಾಟಬೇಕು, ಅವನು ಹಿಂದೆ. ದಾರ ಬಿಡುವಂತೆಯೂ ಇಲ್ಲ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಸ್ಪೇನಿನ ಎಲೆನಾ ಕಾಂಗೊಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಕೆಲವೇ ಮೀಟರ್ ಇದ್ದಾಗ ಅವರ ಮಾರ್ಗದರ್ಶಿಯ ಕಾಲು ಮರಗಟ್ಟಿ ಕುಸಿಯುವಂತಾಯಿತು. ಆಧಾರ ಕೊಡಲೆಂದು ಎಲೆನಾ ಒಂದು ಗಳಿಗೆ ದಾರ ಬಿಟ್ಟರು. ಅವರನ್ನು ಅನರ್ಹಗೊಳಿಸಲಾಯಿತು.

ಇದೆಲ್ಲ ಓದಿದ ಮೇಲೆ ನಾನೂ ಒಂದು ದಿನ ನಮ್ಮ ಕಣದಲ್ಲಿ ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಮಗಳ ಕೈಗೆ ದಾರದ ಇನ್ನೊಂದು ತುದಿ ಕೊಟ್ಟು ಓಡಿ ನೋಡಿದೆ. ಕಣದ ಮೂಲೆ ಮೂಲೆಯೂ ನನಗೆ ಗೊತ್ತು. ಆದರೂ ಹತ್ತು ಹೆಜ್ಜೆಗೆ ಕಾಲು ತಾನಾಗಿ ನಿಂತಿತು. ಮುಂದೆ ಗೋಡೆ ಇದೆ ಎಂದೇ ಮೈ ಹೇಳುತ್ತದೆ. ‘ಏನೂ ಇಲ್ಲ ಬಾಮ್ಮ’ ಎಂದು ಮಗಳು ಎಷ್ಟು ಹೇಳಿದರೂ ಮೈ ನಂಬಲೊಲ್ಲದು. ಅವಳು ಸ್ವಲ್ಪ ಎಳೆದಳು. ಆಗ ಭಯ ಇನ್ನೂ ಹೆಚ್ಚಾಯಿತು. ಎಳೆಯಬಾರದು ಎಂಬ ನಿಯಮ ಏಕಿದೆ ಎಂದು ಆಗ ತಿಳಿಯಿತು.

ಇಂಥ ಓಟದಲ್ಲಿ ರಕ್ಷಿತಾ 2018ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಜಕಾರ್ತಾದ ಅಂಗವಿಕಲರ ಏಷ್ಯನ್ ಕ್ರೀಡಾಕೂಟದಲ್ಲಿ 5 ನಿಮಿಷ 40.64 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಐದು ವರ್ಷದ ನಂತರ ಹಾಂಗ್‌ಝೌನಲ್ಲಿ ಅದು 5 ನಿಮಿಷ 21.45 ಸೆಕೆಂಡಿಗೆ ಇಳಿದಿತ್ತು. ಇಳಿದ 19 ಸೆಕೆಂಡಿನ ಹಿಂದೆ ಐದು ವರ್ಷದ ಬೆಳಗಿನ ಜಾವಗಳಿವೆ. ತರಬೇತಿ ಕೊಟ್ಟ ರಾಹುಲ್ ಬಾಲಕೃಷ್ಣ ಸ್ವತಃ 1500 ಮೀಟರ್ ಓಟಗಾರರು. ದಾರದ ಇನ್ನೊಂದು ತುದಿ ಹಿಡಿದು ಓಡುವವರೂ ಅವರೇ ಆದರು. ತನ್ನ ಓಟವನ್ನು ಬದಿಗಿಟ್ಟು ಇನ್ನೊಬ್ಬರ ಹೆಜ್ಜೆಗೆ ಹೆಜ್ಜೆ ಕೂಡಿಸುವುದು ಸಣ್ಣ ಮಾತಲ್ಲ.

2024ರಲ್ಲಿ ರಕ್ಷಿತಾ ಪ್ಯಾರಿಸ್‌ಗೆ ಹೋದರು. ಪ್ಯಾರಾಲಿಂಪಿಕ್ಸ್‌ನ 1500 ಮೀಟರ್ ಓಟಕ್ಕೆ ಅರ್ಹತೆ ಪಡೆದ ಭಾರತದ ಮೊದಲ ಅಂಧ ಮಹಿಳೆ ಅವರು. ಅಲ್ಲಿ ಅವರು ಫೈನಲ್ ತಲುಪಲಿಲ್ಲ. ಚಿನ್ನ ಗೆದ್ದ ಇಥಿಯೋಪಿಯಾದ ಯಾಯೆಶ್ ಟೆಸ್ಫಾ 4 ನಿಮಿಷ 27.68 ಸೆಕೆಂಡಿನ ವಿಶ್ವದಾಖಲೆ ಬರೆದರು. ಏಷ್ಯಾದ ಚಿನ್ನಕ್ಕೂ ಜಗತ್ತಿನ ಚಿನ್ನಕ್ಕೂ ಹೆಚ್ಚುಕಡಿಮೆ ಒಂದು ನಿಮಿಷದ ಅಂತರ. ಇದನ್ನು ಮುಚ್ಚಿಟ್ಟು ಬರೀ ಚಪ್ಪಾಳೆ ತಟ್ಟಿದರೆ ಮಕ್ಕಳಿಗೆ ಅರ್ಧ ಕಥೆ ಹೇಳಿದಂತೆ. ಗುಡ್ಡನಹಳ್ಳಿಯಿಂದ ಪ್ಯಾರಿಸ್‌ವರೆಗೆ ಬಂದ ದಾರಿ ದೊಡ್ಡದು. ಮುಂದೆ ಉಳಿದಿರುವ ದಾರಿಯೂ ದೊಡ್ಡದು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆಯಲ್ಲಿ ದೃಷ್ಟಿ ಮಂದವಾದ ಗೆಳೆಯನೋ ಗೆಳತಿಯೋ ಇದ್ದರೆ ಆಟದ ಪಿರಿಯಡ್‌ನಲ್ಲಿ ಮೂಲೆಯಲ್ಲಿ ಕೂರಿಸಬೇಡಿ. ಒಂದು ತುಂಡು ದಾರ ಸಾಕು. ನಿಮ್ಮಲ್ಲಿ ಚೆನ್ನಾಗಿ ಓಡುವವರಿಗೆ ಪದಕ ಗೆಲ್ಲುವ ಇನ್ನೊಂದು ದಾರಿಯೂ ಇದು. 2024ರಲ್ಲಿ ಪ್ಯಾರಿಸ್‌ನ 200 ಮೀಟರ್ ಓಟದಲ್ಲಿ ಸಿಮ್ರನ್ ಶರ್ಮಾ ಅವರಿಗೆ ಕಂಚು ಬಂದಾಗ ಜೊತೆಗೆ ಓಡಿದ ಅಭಯ್ ಸಿಂಗ್ ಅವರ ಕೊರಳಿಗೂ ಪದಕ ಬಿತ್ತು.

ತಂದೆ ತಾಯಂದಿರಿಗೆ ಹೇಳುವುದು ಇಷ್ಟೇ. ಆಗಸ್ಟ್ ಬಂತೆಂದರೆ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳು ಸುರಿವ ಮಳೆಯಲ್ಲೇ ನಡೆಯುತ್ತವೆ. ನಿಮ್ಮ ಮಗಳು ಆಯ್ಕೆಯಾಗಿ ಬಂದರೆ ಒಂದು ದಿನದ ಕೆಲಸ ಬಿಟ್ಟು, ಕೊಡೆ ಹಿಡಿದು, ಅದೇ ಬಸ್ಸು ಹತ್ತಿ. ಅವಳು ಗೆಲ್ಲಲೇಬೇಕೆಂದು ಎಳೆಯಬೇಡಿ, ಇವಳಿಂದಾಗದು ಎಂದು ಕೈಯನ್ನೂ ಬಿಡಬೇಡಿ. ಪಕ್ಕದಲ್ಲಿರಿ. ಗೆರೆ ಬಂದಾಗ ಮಾತ್ರ ಒಂದು ಹೆಜ್ಜೆ ಹಿಂದೆ ನಿಲ್ಲಿ. ಅದನ್ನು ಮೊದಲು ದಾಟಬೇಕಾದವಳು ಅವಳು.