ಎರಡು ಮೈಕಿನ ಡಬ್ಬಿ

ಆರನೇ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್‌ಗೆ ಓದಬೇಕಿದ್ದ ವಾರ ಪೂರ್ತಿ ನಾನು ಆಡಿಯೋ ಇಂಟರ್‌ಫೇಸ್‌ಗಳ ಡೇಟಾಶೀಟ್ ಓದಿದೆ. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ.

ಕಾರಣ ದೊಡ್ಡಪ್ಪ. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಅಮಾವಾಸ್ಯೆ ಭಜನೆಗೆ ಮೂವತ್ತು ವರ್ಷದಿಂದ ಪೇಟಿ ಹಿಡಿದು ಹಾಡೋರು ಅವರೇ. ಪೇಟಿ ಅಂದ್ರೆ ಹಾರ್ಮೋನಿಯಂ, ಬೆಂಗಳೂರು-ಮೈಸೂರು ಕಡೆಯವರಿಗೆ ಹೇಳ್ತಿದ್ದೀನಿ. ಶಿಶುನಾಳ ನಮ್ಮ ಜಿಲ್ಲೆಯದೇ, ಹಾಗಾಗಿ ಷರೀಫರ ತತ್ವಪದ ಊರಲ್ಲಿ ಸುಮಾರು ಜನಕ್ಕೆ ಬರುತ್ತೆ. ಆದರೆ ಪುಸ್ತಕದಲ್ಲಿ ಸಿಗೋದು ಪದ ಮಾತ್ರ. ದೊಡ್ಡಪ್ಪ ತಮ್ಮ ಗುರುಗಳಿಂದ ಕಲಿತ ಧಾಟಿ ಅವರ ಗಂಟಲಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ಗಂಟಲಲ್ಲೇ ಫೆಬ್ರವರಿಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್. ಯುಗಾದಿ ಆದಮೇಲೆ ಆಪರೇಷನ್ ಅಂದರು. ಧ್ವನಿಪೆಟ್ಟಿಗೆಗೆ ಹೋಗೋ ನರ ಆ ಗ್ರಂಥಿಯ ಪಕ್ಕದಲ್ಲೇ ಹಾದುಹೋಗುತ್ತಂತೆ. ಹೆಚ್ಚಿನವರಿಗೆ ಏನೂ ಆಗಲ್ಲ, ಕೆಲವರಿಗೆ ದನಿ ಬದಲಾಗಬಹುದು ಅಂತ ಡಾಕ್ಟರ್ ಹೇಳಿದ್ದನ್ನ ಅಪ್ಪ ಫೋನಲ್ಲಿ ಹೇಳಿದಾಗ ನಾನು ಮೆಸ್ ಕ್ಯೂನಲ್ಲಿ ನಿಂತಿದ್ದೆ.

ಫೋನ್‌ನಲ್ಲೇ ರೆಕಾರ್ಡ್ ಮಾಡು, ಅದಕ್ಯಾಕೆ ಸ್ಟುಡಿಯೋ ಅಂತ ರೂಮ್‌ಮೇಟ್ ಅಂದ. ಮಾಡಿದ್ದೆ. ಸಂಕ್ರಾಂತಿಗೆ ಹೋದಾಗ ಮಾಡಿದ ಒಂದು ರೆಕಾರ್ಡಿಂಗ್ ಇನ್ನೂ ಇದೆ. ಫೋನ್ ತಾನೇ ಗೇನ್ ಏರಿಸಿ ಇಳಿಸುತ್ತೆ. ದೊಡ್ಡಪ್ಪ ದನಿ ಎತ್ತಿದರೆ ಅದನ್ನ ಹಿಡಿದು ಕೆಳಗೆ ಒತ್ತುತ್ತೆ, ಉಸಿರು ತಗೊಳ್ಳೋಕೆ ನಿಲ್ಲಿಸಿದರೆ ಪೇಟಿಯನ್ನ ಬಾವಿಯಿಂದ ಎತ್ತಿದ ಹಾಗೆ ಮೇಲೆ ತರುತ್ತೆ. ಮಾತಿಗೆ ಮಾಡಿದ ಯಂತ್ರ ಅದು. ಒಂದೇ ಸಮ ಗುಂಯ್‌ಗುಡೋ ಶ್ರುತಿಯನ್ನ ಫ್ಯಾನ್ ಸದ್ದು ಅಂತ ತಿಳಿದು ಅಳಿಸೋಕೂ ನೋಡುತ್ತೆ.

ಸರಿ, ಇಂಟರ್‌ಫೇಸ್ ತಗೊಳ್ಳೋದು ಅಂತಾಯ್ತು. ಇಂಟರ್ನ್‌ಶಿಪ್ ದುಡ್ಡಲ್ಲಿ ಉಳಿದಿದ್ದು 14,000. ಕೆಲಸ ಸರಳ: ಮೈಕಿಂದ ಬರೋದು ಒಂದೆರಡು ಮಿಲಿವೋಲ್ಟ್, ಪ್ರಿಆಂಪ್ ಅದನ್ನ ನೂರಾರು ಪಟ್ಟು ಹಿಗ್ಗಿಸುತ್ತೆ, ಎಡಿಸಿ ಅದನ್ನ ಸಂಖ್ಯೆ ಮಾಡುತ್ತೆ, ಯುಎಸ್‌ಬಿ ಲ್ಯಾಪ್‌ಟಾಪ್‌ಗೆ ಸಾಗಿಸುತ್ತೆ. ಇಸಿಇ ಲ್ಯಾಬಲ್ಲಿ ಮೂರು ವರ್ಷದಿಂದ ಇದನ್ನೇ ಬ್ರೆಡ್‌ಬೋರ್ಡ್ ಮೇಲೆ ಮಾಡಿ ವೈವಾದಲ್ಲಿ ಬೈಸಿಕೊಂಡಿದ್ದೀವಿ. ಆದರೆ ಕೊಳ್ಳೋಕೆ ಕೂತರೆ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಕಾಣೋದು 192 ಕಿಲೋಹರ್ಟ್ಜ್. ಆ ಸಂಖ್ಯೆಗೆ ನಾನೂ ಎರಡು ದಿನ ಮರುಳಾದೆ. ಆಮೇಲೆ ನೈಕ್ವಿಸ್ಟ್ ನೆನಪಾದ. ಮನುಷ್ಯನ ಕಿವಿ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಜ್, ಅದಕ್ಕೆ 48 ಸಾಕು. 48ರಲ್ಲಿ 24 ಬಿಟ್‌ನ ಎರಡು ಟ್ರ್ಯಾಕ್ ಒಂದು ಗಂಟೆಗೆ ಸುಮಾರು 1 ಜಿಬಿ, 192ರಲ್ಲಿ 4 ಜಿಬಿ. ಬಾವಲಿಗಳಿಗೆ ಭಜನೆ ಕೇಳಿಸೋದಿದ್ದರೆ ಬೇರೆ ಮಾತು.

24 ಬಿಟ್ ಮಾತ್ರ ಬೇಕು. ದೊಡ್ಡಪ್ಪ ಕೊನೇ ಸಾಲಿಗೆ ಹೇಳದೆ ಕೇಳದೆ ತಾರಸ್ಥಾಯಿಗೆ ಹಾರ್ತಾರೆ. ಅದಕ್ಕೆ ಜಾಗ ಬಿಟ್ಟು ಗೇನ್ ಕಡಿಮೆ ಇಡಬೇಕು, ಇಟ್ಟರೂ ಸಣ್ಣ ದನಿ ನಾಯ್ಸ್‌ನಲ್ಲಿ ಮುಳುಗಬಾರದು. ಲೆಕ್ಕದಲ್ಲಿ 16 ಬಿಟ್‌ಗೆ 96 ಡಿಬಿ, 24ಕ್ಕೆ 144. ಪ್ರಿಆಂಪ್ ನಾಯ್ಸ್ ಬಗ್ಗೆ ಒಂದು ಮಜಾ ಗೊತ್ತಾಯ್ತು. 150 ಓಮ್ ರೆಸಿಸ್ಟರ್ ಸುಮ್ಮನೆ ಕೂತರೂ ಅದರ ಥರ್ಮಲ್ ನಾಯ್ಸ್ ಸುಮಾರು -131 ಡಿಬಿಯು. ಕಡಿಮೆ ಬೆಲೆಯ ಒಳ್ಳೆ ಇಂಟರ್‌ಫೇಸ್‌ಗಳೇ -128ರ ಹತ್ತಿರ ಬಂದಿವೆ. ಎಷ್ಟು ದುಡ್ಡು ಸುರಿದರೂ ಸಿಗೋದು ಇನ್ನು 3 ಡಿಬಿ, ಉಳಿದದ್ದು ಭೌತಶಾಸ್ತ್ರ ಕೊಡಲ್ಲ. ಇದನ್ನ ಓದಿದ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಮರುದಿನ ಫೋಕಸ್‌ರೈಟ್‌ನ ಸ್ಕಾರ್ಲೆಟ್ ಸೋಲೋವನ್ನ ಕಾರ್ಟ್‌ಗೆ ಹಾಕಿದೆ. ಒಂದು ಮೈಕ್ ಇನ್‌ಪುಟ್, ಪಕ್ಕದಲ್ಲಿ ಗಿಟಾರ್‌ಗೆ ಒಂದು. ಹಾಡೋದು ಒಬ್ಬರೇ ತಾನೇ? ಮೊದಲು ಪೇಟಿ ನುಡಿಸಿ ರೆಕಾರ್ಡ್ ಮಾಡೋದು, ಆಮೇಲೆ ಹೆಡ್‌ಫೋನ್ ಹಾಕಿಸಿ ಹಾಡಿಸೋದು. ಎಲ್ಲರೂ ಮಾಡೋದು ಹಾಗೇ. ದುಡ್ಡು ಕಟ್ಟೋ ಮುಂಚೆ ಸುಮ್ಮನೆ ಒಂದು ಮಾತು ಅಂತ ಫೋನ್ ಮಾಡಿದೆ.

“ದೊಡ್ಡಪ್ಪಾ, ಮೊದಲ ಪೇಟಿ ಅಷ್ಟ ಬಾರಸ್ರಿ, ಹಾಡು ಆಮ್ಯಾಲೆ ಬ್ಯಾರೆ ತಗೊಳ್ಳೋಣು.”

“ಏ ತಮ್ಮಾ, ಪೇಟಿ ಬಿಟ್ಟು ಹ್ಯಾಂಗ ಹಾಡ್ಲೋ? ಕೈ ಎಲ್ಲಿ ನಿಂದ್ರತೈತಿ ನನಗ ಗೊತ್ತಿರಂಗಿಲ್ಲ. ಬಾಯಿ ಹೋದ ಕಡೆ ಕೈ ಹೊಕ್ಕೈತಿ.”

ಅಲ್ಲಿಗೆ ಸೋಲೋ ಕಾರ್ಟಿಂದ ಹೊರಗೆ ಬಂತು. ಒಂದು ವಾರ ಓದಿದ ಡೇಟಾಶೀಟ್‌ಗಳಲ್ಲಿ ಎಲ್ಲೂ ಇಲ್ಲದ ವಿಷಯ ಇದು. ಅವರು ಸಾಲು ಎಳೆದಾಗ ತಾಳ ನಿಧಾನ ಆಗುತ್ತೆ, ಪೇಟಿಯೂ ಜೊತೆಗೆ ನಿಲ್ಲುತ್ತೆ. ಮೆಟ್ರೊನೋಮ್ ಹಾಕಿ ಎರಡನ್ನೂ ಬೇರೆ ಮಾಡಿದರೆ ಸಿಗೋದು ದೊಡ್ಡಪ್ಪ ಅಲ್ಲ, ಬೇರೆ ಯಾರೋ. ಒಂದೇ ಮೈಕ್ ಇಟ್ಟರೆ ಪೇಟಿ ದನಿಯನ್ನ ನುಂಗುತ್ತೆ. ದೂರ ಇಟ್ಟರೆ ತಗಡಿನ ಮನೆಯ ಗಣಗಣ. ಎರಡು ಯುಎಸ್‌ಬಿ ಮೈಕ್ ಸಾಕಲ್ವಾ ಅಂತ ಒಬ್ಬ ಜೂನಿಯರ್ ಕೇಳಿದ, ಒಳ್ಳೇ ಪ್ರಶ್ನೆ. ಅವೆರಡರ ಒಳಗಿನ ಕ್ರಿಸ್ಟಲ್ ಬೇರೆ ಬೇರೆ. 50 ಪಿಪಿಎಂ ವ್ಯತ್ಯಾಸ ಇದ್ದರೂ ಹತ್ತು ನಿಮಿಷದ ಪದದ ಕೊನೆಗೆ 30 ಮಿಲಿಸೆಕೆಂಡ್ ಹಿಂದೆ ಮುಂದೆ. ಒಂದೇ ಗಡಿಯಾರಕ್ಕೆ ಎರಡು ಮೈಕ್ ಕಟ್ಟಬೇಕು, ಅಷ್ಟೇ.

ಲೇಟೆನ್ಸಿ ಬಗ್ಗೆ ಸೀನಿಯರ್‌ಗಳು ತುಂಬಾ ಹೆದರಿಸಿದ್ದರು. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದ್ರೆ 2.7 ಮಿಲಿಸೆಕೆಂಡ್, ಅಷ್ಟು ಹೊತ್ತಿಗೆ ಸದ್ದು ಗಾಳಿಯಲ್ಲಿ ಒಂದು ಮೀಟರ್ ಕೂಡ ಹೋಗಿರಲ್ಲ. ಅದೂ ಅಲ್ಲದೆ ದೊಡ್ಡಪ್ಪ ಹೆಡ್‌ಫೋನ್ ಹಾಕೋದೇ ಇಲ್ಲ. ನನಗೆ ನಿಜವಾಗಿ ಬೇಕಾಗಿದ್ದು ಬೇರೆ ಎರಡು: ನನ್ನ ಉಬುಂಟುಗೆ ಡ್ರೈವರ್ ಇಲ್ಲದೆ ಕೂರಬೇಕು, ಯುಎಸ್‌ಬಿ ಪವರ್‌ನಲ್ಲೇ ಓಡಬೇಕು. ನಮ್ಮೂರ ಕರೆಂಟ್ ಕಥೆ ಗೊತ್ತಿದ್ದವರಿಗೆ ಎರಡನೆಯದು ಯಾಕೆ ಅಂತ ಹೇಳಬೇಕಿಲ್ಲ.

ಪಾಸ್ ಆಗಿ ಹೊರಟಿದ್ದ ಒಬ್ಬ ಸೀನಿಯರ್ ಹತ್ತಿರ ಹಳೇ ಸ್ಕಾರ್ಲೆಟ್ 2ಐ2 ಇತ್ತು. 8,500ಕ್ಕೆ ಕೊಟ್ಟರು. ಮ್ಯೂಸಿಕ್ ಕ್ಲಬ್‌ನಿಂದ ಎರಡು ಡೈನಾಮಿಕ್ ಮೈಕ್ ಕೇಳಿ ತಗೊಂಡೆ. ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ ಡಬ್ಬಿಯಲ್ಲೇ ಇತ್ತು, ಆದರೆ ತಗಡಿನ ಮನೆಯಲ್ಲಿ ಕಂಡೆನ್ಸರ್ ಬೀದಿಯ ಟ್ರ್ಯಾಕ್ಟರನ್ನೂ ಬಿಡಲ್ಲ ಅನ್ನಿಸಿತು.

ಆಪರೇಷನ್‌ಗೆ ಆರು ದಿನ ಇರುವಾಗ ಊರಿಗೆ ಹೋದೆ. ಮೊದಲ ಟೇಕ್ ಪೂರ್ತಿ ಗುಂಯ್ ಅಂತ 50 ಹರ್ಟ್ಜ್. ಕೇಬಲ್ ಬದಲಾಯಿಸಿದೆ, ಮೈಕ್ ಬದಲಾಯಿಸಿದೆ, ಒಂದು ಗಂಟೆ ಹೋಯ್ತು. ಕಳ್ಳ ಲ್ಯಾಪ್‌ಟಾಪ್ ಚಾರ್ಜರ್. ಕಿತ್ತ ತಕ್ಷಣ ಮೌನ. ಬಾಯಿಯ ಮೈಕನ್ನ ಕೆಳಗಿಂದ ಮೇಲಕ್ಕೆ ಮುಖ ಮಾಡಿ ಇಟ್ಟೆ, ಅದರ ಬೆನ್ನು ಪೇಟಿ ಕಡೆಗೆ ಬರೋ ಹಾಗೆ. ಕಾರ್ಡಿಯಾಯ್ಡ್ ಮೈಕ್‌ಗೆ ಬೆನ್ನ ಕಡೆಯದು ಕಡಿಮೆ ಕೇಳುತ್ತೆ. ಆದರೂ ಪೇಟಿ ಒಳಗೆ ನುಗ್ಗಿದೆ, ಪೂರ್ತಿ ಬೇರೆ ಮಾಡೋಕೆ ಆಗಿಲ್ಲ. ಗೋಡೆಗೆ ದೊಡ್ಡಮ್ಮ ಎರಡು ಕೌದಿ ನೇತುಹಾಕಿದರು. ಅದು ಯಾವ ಅಕೌಸ್ಟಿಕ್ ಫೋಮ್‌ಗಿಂತಲೂ ದಪ್ಪ.

ಏಳು ಗಂಟೆಗೆ ಕರೆಂಟ್ ಹೋಯ್ತು. ಫ್ಯಾನ್ ನಿಂತಿತು, ಪಕ್ಕದ ಮನೆಯ ಟಿವಿ ನಿಂತಿತು, ದೂರದ ಪಂಪ್‌ಸೆಟ್ ಕೂಡ. ಬ್ಯಾಟರಿ 71%. ಹಸಿರು ದೀಪ ಉರೀತಾನೇ ಇತ್ತು. ಬ್ಯಾಟರಿ ಮುಗಿಯೋವರೆಗೂ ಹಾಡಿದರು, ಒಂಬತ್ತು ಪದ. ಮರುದಿನ ಹದಿಮೂರು. ಮಧ್ಯೆ ಒಂದು ಕಡೆ ಕೆಮ್ಮು ಬಂತು, ನಿಲ್ಲಿಸಿ ಮತ್ತೆ ಹಾಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದು ಹಾಗೇ ಇದೆ.

ಹೆಡ್‌ಫೋನ್ ಕೊಟ್ಟಾಗ ಎರಡು ನಿಮಿಷ ಕೇಳಿ, “ಪೇಟಿ ಮೂರನೇ ಸ್ವರ ಶ್ರುತಿ ಬಿಟ್ಟೈತಲ್ಲೋ, ಇಷ್ಟ ದಿನಾ ಯಾರೂ ಹೇಳೇ ಇಲ್ಲ ನೋಡು” ಅಂದರು. ತಮ್ಮ ದನಿಯ ಬಗ್ಗೆ ಏನೂ ಅನ್ನಲಿಲ್ಲ.

ಆಪರೇಷನ್ ಆಗಿ ಐದು ವಾರ. ಮಾತಾಡ್ತಾರೆ, ದನಿ ಸ್ವಲ್ಪ ಒಡಕು. ಪೇಟಿ ಮುಟ್ಟಿಲ್ಲ. ಈ ಅಮಾವಾಸ್ಯೆ ನೋಡೋಣ ಅಂದಿದ್ದಾರೆ.

ಡಬ್ಬಿ ಈಗ ನನ್ನ ಹಾಸ್ಟೆಲ್ ರೂಮಲ್ಲಿದೆ, ಖಾಲಿ ಕೂತಿದೆ. ನಿಮ್ಮ ಮನೆಯಲ್ಲೂ ಹಾಡೋರು ಯಾರಾದರೂ ಇದ್ದರೆ ರಜೆಗೆ ಹೋಗುವಾಗ ತಗೊಂಡು ಹೋಗಿ. ಮೈಕ್ ಕೇಬಲ್ ಮಾತ್ರ ನೀವೇ ಹೊಂದಿಸಿಕೊಳ್ಳಿ, ನನ್ನ ಹತ್ತಿರ ಇರೋ ಎರಡರಲ್ಲಿ ಒಂದು ಕ್ಲಬ್‌ನದು, ಇನ್ನೂ ವಾಪಸ್ ಕೊಟ್ಟಿಲ್ಲ.